ಅರೆಸಿದ್ಧ ವಸ್ತುವಿನ ಹೆಸರು

ಮನೆಯಲ್ಲಿಯೇ ಬಂದೂಕು ತಯಾರಿಸಿಕೊಳ್ಳುವ ಅಮೆರಿಕದ ಹವ್ಯಾಸಿಗಳನ್ನು ಕುರಿತ ವಿವಾದವು ಕೊನೆಗೆ ಶಬ್ದಾರ್ಥವಿಚಾರವಾಗಿ ಪರಿಣಮಿಸಿದುದು ಗಮನಾರ್ಹ. ಅಲ್ಲಿನ 1968ರ ಕಾಯಿದೆಯು ಬಂದೂಕುಗಳನ್ನು ತಯಾರಿಸಿ ಮಾರುವವರಿಗೆ ಪರವಾನಗಿ, ಕ್ರಮಸಂಖ್ಯೆ, ದಾಖಲೆಗಳನ್ನು ಕಡ್ಡಾಯಗೊಳಿಸಿತು. ಸ್ವಂತಕ್ಕೆ ಮಾಡಿಕೊಳ್ಳುವವರನ್ನು ಬಿಟ್ಟಿತು. ಕ್ರಮಸಂಖ್ಯೆಯಿಲ್ಲದ ಆಯುಧದ ಜಾಡು ಹಿಡಿಯುವುದು ಕಷ್ಟವೆಂಬ ಕಾರಣದಿಂದ, 2022ರ ನಿಯಮವು ಸುಲಭವಾಗಿ ಬಂದೂಕಾಗಬಲ್ಲ ಬಿಡಿಭಾಗಗಳ ಕಟ್ಟನ್ನೂ ಬಂದೂಕೆಂದೇ ಎಣಿಸಿತು. ಹವ್ಯಾಸ ನಿಷಿದ್ಧವಾಗಲಿಲ್ಲ, ಅದರ ಸಾಮಗ್ರಿ ಕಾಯಿದೆಯೊಳಗೆ ಬಂದಿತು.

2025ರ ಮಾರ್ಚ್ 26ರಂದು ಅಲ್ಲಿನ ಸುಪ್ರೀಂ ಕೋರ್ಟು 7–2 ಬಹುಮತದಿಂದ ನಿಯಮವನ್ನು ಎತ್ತಿಹಿಡಿಯಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಗೋರ್ಸಚ್ ಅವರು, ಮುಗಿಯದ ಹಸ್ತಪ್ರತಿಯನ್ನೂ ಕಾದಂಬರಿಯೆನ್ನುವ, ಇನ್ನೂ ಜೋಡಿಸದ ಮೇಜನ್ನೂ ಮೇಜೆನ್ನುವ ಲೋಕರೂಢಿಯನ್ನು ನಿದರ್ಶನವಾಗಿತ್ತರು. ಈ ವಿಚಾರ ನಮಗೆ ಹೊಸತಲ್ಲ. ನೂಲನ್ನು ಕೊಟ್ಟು ಬಟ್ಟೆ ನೆಯ್ಯೆಂದರೆ ಅಲ್ಲಿ ‘ಬಟ್ಟೆ’ ಎಂಬುದು ಭಾವಿಸಂಜ್ಞೆಯೆಂದು ಪತಂಜಲಿಯ ಮಹಾಭಾಷ್ಯ ವಿವರಿಸಿದೆ. ಆದರೆ ಭಾಷ್ಯಕಾರನು ನೂಲನ್ನೇ ಬಟ್ಟೆಯೆನ್ನಲಿಲ್ಲ.

ಕಟ್ಟೊಂದನ್ನು ಹಿಂದೆ ಕಂಡಿರದವರೊಬ್ಬರು ಸಾಮಾನ್ಯ ಉಪಕರಣಗಳಿಂದ 21 ನಿಮಿಷಗಳಲ್ಲಿ ಪಿಸ್ತೂಲಾಗಿಸಿದರೆಂದು ತೀರ್ಪು ಹೇಳುತ್ತದೆ. ಅಂಥದಕ್ಕೆ ಆ ಹೆಸರು ಸಲ್ಲುವುದೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಇನ್ನೂ ಕೊರೆಯದ ಲೋಹದ ತುಂಡು ಯಾವ ಹಂತದಲ್ಲಿ ಬಂದೂಕಾಗುವುದು? ಕೆಲವು ಕಟ್ಟುಗಳಾದರೂ ಕಾಯಿದೆಗೆ ಒಳಪಡುವುವೆಂದಷ್ಟೇ ನಿರ್ಣಯಿಸಿ, ನ್ಯಾಯಾಲಯವು ಆ ಎಲ್ಲೆಯನ್ನು ಮುಂದಿನ ಪ್ರಕರಣಗಳಿಗೆ ಬಿಟ್ಟಿತು. ಹಸ್ತಪ್ರತಿಯನ್ನು ಕಾದಂಬರಿಯೆಂದವನಿಗೆ ದಂಡನೆಯಿಲ್ಲ. ದಂಡಶಾಸನದಲ್ಲಾದರೋ ಹೆಸರೇ ಅಪರಾಧವನ್ನು ಗೊತ್ತುಮಾಡುತ್ತದೆ. ಲೋಕರೂಢಿ ಹೆಸರನ್ನು ಕೊಡಬಲ್ಲುದು, ಅಳತೆಯನ್ನಲ್ಲ. ಹವ್ಯಾಸಿಗೆ ಬೇಕಾದುದು ಅಳತೆ.