ಕಾಲಯಾನದ ಕಥೆಯೂ ಪ್ರೇಕ್ಷಕರ ವ್ಯಾಖ್ಯಾನವೂ

ರೈವತ ಕಕುದ್ಮಿಯು ತನ್ನ ಮಗಳು ರೇವತಿಗೆ ಅನುರೂಪನಾದ ವರನಾರೆಂದು ಕೇಳುವುದಕ್ಕಾಗಿ ಬ್ರಹ್ಮಸಭೆಗೆ ಹೋದನೆಂದೂ, ಗಂಧರ್ವರ ಗಾನ ಮುಗಿಯುವವರೆಗೆ ಅಲ್ಲಿ ಕಾದು ನಿಂತಷ್ಟರಲ್ಲಿ ಭೂಲೋಕದಲ್ಲಿ 27 ಚತುರ್ಯುಗಗಳು ಕಳೆದುಹೋದುವೆಂದೂ ಭಾಗವತದ ನವಮಸ್ಕಂಧದಲ್ಲಿ ಕಥೆಯಿದೆ. ಹಿಂದಿರುಗಿದ ಅರಸನು ಮಗಳನ್ನು ಬಲರಾಮನಿಗೆ ಕೊಟ್ಟನು. ಹಿಂದಿನ ಯುಗದ ಕನ್ಯೆಯಾದ ಅವಳು ಈ ಯುಗದ ವರನಿಗಿಂತ ಬಹಳ ಎತ್ತರವಾಗಿರಲಿಲ್ಲವೆ ಎಂಬ ಶಂಕೆಗೆ ವಿಷ್ಣುಪುರಾಣದಲ್ಲಿ ಸಮಾಧಾನವೂ ಉಂಟು: ಬಲರಾಮನು ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿದನಂತೆ. ಪ್ರಕೃತ ವಿಷಯಕ್ಕೆ ಕಥೆಗಿಂತ ಈ ಸಮಾಧಾನವೇ ಮುಖ್ಯವಾದುದು. ಯಾವನೋ ಶ್ರೋತೃವು ಪ್ರಶ್ನೆ ಕೇಳಿರಬೇಕು. ಪೌರಾಣಿಕನು ಉತ್ತರ ಕೊಟ್ಟಿರಬೇಕು. ಉತ್ತರವು ಮೂಲದೊಳಕ್ಕೇ ಸೇರಿಹೋಗಿರಬೇಕು. ಕಾಲದ ಗಡಿಯನ್ನು ದಾಟುವ ಕಥೆಯೆಲ್ಲಿರುವುದೋ ಅಲ್ಲಿ ಇಂತಹ ಶಂಕೆಗಳು ಹುಟ್ಟದೆ ಇರಲಾರವು.

ಈ ಕಾಲದಲ್ಲಿ ಅಂತಹ ಶಂಕಾಸಮಾಧಾನಗಳ ದೊಡ್ಡ ಭಂಡಾರವು ಬೆಳೆದಿರುವುದು ಆಂಗ್ಲರ ‘ಡಾಕ್ಟರ್ ಹೂ’ ಎಂಬ ದೂರದರ್ಶನ ಮಾಲಿಕೆಯ ಸುತ್ತ. ಬಿ.ಬಿ.ಸಿ. ಸಂಸ್ಥೆಯವರು ಇದನ್ನು 1963ನೆಯ ನವೆಂಬರ್ 23ರಂದು ಪ್ರಾರಂಭಿಸಿದರು. ಮೊದಲ ಕಥೆಯ ನಿರ್ದೇಶಕರಾದ ವಾರಿಸ್ ಹುಸೇನರು ಲಖನೌದಲ್ಲಿ ಹುಟ್ಟಿದವರೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ನೀಲವರ್ಣದ ಪೋಲೀಸು ಪೆಟ್ಟಿಗೆಯ ಆಕಾರದ ಯಂತ್ರದಲ್ಲಿ ಭೂತಭವಿಷ್ಯತ್ತುಗಳಲ್ಲಿ ಸಂಚರಿಸುವ ಒಬ್ಬ ಅನಾಮಧೇಯನೇ ಇದರ ನಾಯಕ. 1966ರಲ್ಲಿ ಮೊದಲ ನಟರಾದ ಹಾರ್ಟ್‌ನೆಲ್ ಅವರು ಬಿಡಬೇಕಾಗಿ ಬಂದಾಗ, ನಾಯಕನು ದೇಹವನ್ನು ಬದಲಾಯಿಸಿಕೊಳ್ಳಬಲ್ಲನೆಂದು ಕಲ್ಪಿಸಿ ಇನ್ನೊಬ್ಬ ನಟರನ್ನು ತಂದರು. ಪರಕಾಯಪ್ರವೇಶದ ಕಥೆಗಳನ್ನು ಕೇಳಿ ಬೆಳೆದವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಈ ಮಾಲಿಕೆಯ ಅಭಿಮಾನಿಗಳು ನಡಸಿರುವ ಚರ್ಚೆಯು ವಿಮರ್ಶೆಯೆನಿಸಿಕೊಳ್ಳಲು ಯೋಗ್ಯವೋ, ಅಥವಾ ಕೇವಲ ವಿನೋದಕಾಲಕ್ಷೇಪವೋ? ಸಾಹಿತ್ಯವನ್ನು ಬೋಧಿಸುವವರು ಎರಡನೆಯ ಮಾತನ್ನೇ ಒಪ್ಪುವ ಸಂಭವ ಹೆಚ್ಚು. ಆದರೆ ನಿರ್ಣಯಕ್ಕೆ ಮೊದಲು ಆ ಅಭಿಮಾನಿಗಳು ಮಾಡಿರುವ ಕೆಲಸವನ್ನು ನೋಡತಕ್ಕದ್ದು.

ಮೊದಲನೆಯದು ಪಾಠರಕ್ಷಣೆ. ಮಾಲಿಕೆಯ ಮೊದಲ ಆರು ವರ್ಷಗಳಲ್ಲಿ 253 ಕಂತುಗಳು ಪ್ರಸಾರವಾದುವು. ಮುದ್ರಿಕೆಯ ಸುರುಳಿಗಳಿಗೆ ಬೆಲೆ ಹೆಚ್ಚು. ಮರುಪ್ರಸಾರಕ್ಕೆ ಒಪ್ಪಂದಗಳ ಅಡ್ಡಿ. ಮನೆಯಲ್ಲಿ ಕುಳಿತು ಹಳೆಯ ಕಂತನ್ನು ನೋಡುವ ಸಾಧನವು ಆಗ ಇರಲಿಲ್ಲ. ಈ ಕಾರಣಗಳಿಂದ ಬಿ.ಬಿ.ಸಿ.ಯವರು 1967ರಿಂದ 1978ರವರೆಗೆ ಅನೇಕ ಸುರುಳಿಗಳನ್ನು ಅಳಿಸಿಬಿಟ್ಟರು. ಹೊರದೇಶಗಳಿಗೆ ಮಾರಲೆಂದು ತೆಗೆದ ಫಿಲ್ಮ್ ಪ್ರತಿಗಳನ್ನೂ ನಾಶಮಾಡಿದರು. 2013ರಲ್ಲಿ ನೈಜೀರಿಯ ದೇಶದ ಜೋಸ್ ಪಟ್ಟಣದಲ್ಲಿ 9 ಕಂತುಗಳು ದೊರೆತ ಬಳಿಕವೂ 97 ಕಂತುಗಳು ನಷ್ಟವೆಂದು ಎಣಿಸಲ್ಪಟ್ಟುವು. ಚಿತ್ರವು ಹೋದರೂ ಶಬ್ದವು ಹೋಗಲಿಲ್ಲ. ಪ್ರಸಾರದ ಸಮಯದಲ್ಲೇ ಕೆಲವು ಹುಡುಗರು ಮನೆಯಲ್ಲಿ ಧ್ವನಿಮುದ್ರಣಯಂತ್ರವನ್ನಿಟ್ಟು ಮಾತುಗಳನ್ನು ಹಿಡಿದಿಟ್ಟಿದ್ದರು. ಅವರ ದೆಸೆಯಿಂದ ಆ 97 ಕಂತುಗಳ ಧ್ವನಿಯೂ ಉಳಿದಿದೆ. ಸಂಸ್ಥೆಯು ಕಳೆದುದನ್ನು ಶ್ರೋತೃಗಳು ಉಳಿಸಿದರು.

ಕನ್ನಡದ ವಿದ್ವಾಂಸರಿಗೆ ಈ ಸ್ಥಿತಿಯು ಅಪರಿಚಿತವಲ್ಲ. ಒಂದನೆಯ ಗುಣವರ್ಮನ ಶೂದ್ರಕವೂ ಹರಿವಂಶವೂ ಇಂದಿಲ್ಲ; ಮಲ್ಲಿಕಾರ್ಜುನನಂತಹ ಸಂಕಲನಕಾರರು ಎತ್ತಿಕೊಂಡ ಪದ್ಯಗಳಷ್ಟೇ ಇವೆ. ಹಾಗೆಯೇ ಹಾರ್ಟ್‌ನೆಲ್ ಅವರ ಕೊನೆಯ ಕಂತು ಕಾಣೆಯಾಗಿದ್ದರೂ, ಅವರ ಮುಖವು ಮತ್ತೊಬ್ಬರ ಮುಖವಾಗಿ ಮಾರ್ಪಡುವ ಕೆಲವು ಕ್ಷಣಗಳು, 1973ರಲ್ಲಿ ಮಕ್ಕಳ ಬೇರೊಂದು ಕಾರ್ಯಕ್ರಮದಲ್ಲಿ ಉದಾಹರಣೆಯಾಗಿ ತೋರಿಸಲ್ಪಟ್ಟುದರಿಂದ ಉಳಿದುಕೊಂಡಿವೆ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಓರಿಯೆಂಟಲ್ ಲೈಬ್ರರಿಗೆ ತಂಜಾವೂರಿನ ಪಂಡಿತರೊಬ್ಬರು ಓಲೆಯ ಕಟ್ಟೊಂದನ್ನು ತಂದುಕೊಡದೆ ಇದ್ದಿದ್ದರೆ, ಆರ್. ಶಾಮಶಾಸ್ತ್ರಿಗಳ ಕೈಯಿಂದ 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಬೆಳಕಿಗೆ ಬರುತ್ತಿತ್ತೆ? ಸಂಗ್ರಹಕಾರನ ಪ್ರೀತಿಯೇ ಪಾಠದ ಆಯುಸ್ಸು. ಅವನು ಪಂಡಿತನೋ ಹದಿನಾಲ್ಕು ವಯಸ್ಸಿನ ಹುಡುಗನೋ ಎಂಬುದು ಎರಡನೆಯ ಮಾತು.

ಎರಡನೆಯದು ಕಾಲನಿರ್ಣಯ. 1970ರ ಸುಮಾರಿನ ಅನೇಕ ಕಥೆಗಳಲ್ಲಿ ನಾಯಕನು ‘ಯೂನಿಟ್’ ಎಂಬ ಸೈನ್ಯದಳದ ಸಂಗಡ ಭೂಮಿಯಲ್ಲೇ ಇರುವನು. ಆ ಕಥೆಗಳು ನಡೆಯುವುದು ಯಾವ ವರ್ಷದಲ್ಲಿ? 1975ರ ಒಂದು ಕಥೆಯಲ್ಲಿ ಸಾರಾ ಎಂಬ ಪಾತ್ರವು ತಾನು 1980ರವಳೆಂದು ಹೇಳುತ್ತದೆ. 1983ರ ಇನ್ನೊಂದು ಕಥೆಯ ಪ್ರಕಾರ ಆ ದಳದ ನಾಯಕನಾದ ಬ್ರಿಗೇಡಿಯರನು 1976ರಲ್ಲೇ ನಿವೃತ್ತನಾಗಿ, 1977ರಲ್ಲಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದನು. ಎರಡೂ ನಿಲ್ಲಲಾರವು. ಇದರ ಮೇಲೆ ನಡೆದ ವಾದವನ್ನು ಓದಿದರೆ ಕುಮಾರವ್ಯಾಸನ ಕಾಲವಿಚಾರವೂ ಕವಿರಾಜಮಾರ್ಗದ ಕರ್ತೃತ್ವವಿಚಾರವೂ ನೆನಪಿಗೆ ಬರುತ್ತವೆ. ಆಂತರಿಕ ಸಾಕ್ಷ್ಯ, ಬಾಹ್ಯ ಸಾಕ್ಷ್ಯ, ಲಿಪಿಕಾರನ ಪ್ರಮಾದ, ಎಲ್ಲವೂ ಅಲ್ಲಿ ಉಂಟು. 2008ರಲ್ಲಿ ಮಾಲಿಕೆಯ ಬರಹಗಾರರು ನಾಯಕನ ಬಾಯಿಂದಲೇ, ತಾನು ಆ ದಳದಲ್ಲಿದ್ದುದು ಎಪ್ಪತ್ತರ ದಶಕವೋ ಎಂಬತ್ತರ ದಶಕವೋ ಎಂದು ಅನುಮಾನಿಸುವ ಮಾತನ್ನು ಆಡಿಸಿ ನಕ್ಕುಬಿಟ್ಟರು. ಕವಿಯು ವ್ಯಾಖ್ಯಾನಕಾರನನ್ನು ಹಾಸ್ಯಮಾಡುವ ಈ ಅವಕಾಶ ಕುಮಾರವ್ಯಾಸನಿಗೆ ಇರಲಿಲ್ಲವಷ್ಟೆ!

ಇಷ್ಟರವರೆಗೆ ಈ ಚರ್ಚೆಯು ಗೌರವಕ್ಕೆ ಪಾತ್ರವೇ. ಕುಂದು ಕಾಣುವುದು ಮುಂದಿನ ಹೆಜ್ಜೆಯಲ್ಲಿ, ಎಂದರೆ ಸಮನ್ವಯದಲ್ಲಿ. ಎರಡು ವಾಕ್ಯಗಳು ವಿರೋಧಿಸಿದಾಗ ಮೀಮಾಂಸಕನು ಪ್ರಕರಣ, ತಾತ್ಪರ್ಯಗಳನ್ನು ನೋಡಿ ಶ್ರಮಪಟ್ಟು ಒಂದು ಅರ್ಥಕ್ಕೆ ಬರುವನು. ಕಾಲಯಾನದ ಕಥೆಯಲ್ಲಿಯಾದರೋ ಈ ಶ್ರಮವೇ ಬೇಕಾಗಿಲ್ಲ. ‘ಯಾರೋ ಹಿಂದಕ್ಕೆ ಹೋಗಿ ಚರಿತ್ರೆಯನ್ನು ತಿದ್ದಿದರು’ ಎಂದುಬಿಟ್ಟರೆ ಯಾವ ವಿರೋಧವಾದರೂ ಪರಿಹಾರವಾಗುವುದು. ಎಲ್ಲ ಬೀಗಗಳನ್ನೂ ತೆರೆಯುವ ಕೀಲಿಕೈಯಿಂದ ಮನೆಗೆ ರಕ್ಷೆಯಿಲ್ಲ. ಹಾಗೆಯೇ ಎಲ್ಲ ಶಂಕೆಗಳಿಗೂ ಸಲ್ಲುವ ಸಮಾಧಾನದಿಂದ ಯಾವ ಕಥೆಯ ವಿಷಯವೂ ತಿಳಿಯುವುದಿಲ್ಲ. 1964ರ ‘ದಿ ಆಜ್‌ಟೆಕ್ಸ್’ ಎಂಬ ಕಥೆಯಲ್ಲಿ ಉಪಾಧ್ಯಾಯಿನಿಯಾದ ಬಾರ್ಬರಾ ನರಬಲಿಯನ್ನು ನಿಲ್ಲಿಸಲು ಹೆಣಗಿ ಸೋಲುವಳು. ಚರಿತ್ರೆಯನ್ನು ತಿದ್ದಲಾಗದೆಂಬುದೇ ಅಲ್ಲಿಯ ದುಃಖದ ಮೂಲ. ಮರುವರ್ಷದ ‘ದಿ ಟೈಮ್ ಮೆಡ್ಲರ್’ ಎಂಬ ಕಥೆಯಲ್ಲಿ 1066ರ ಹೇಸ್ಟಿಂಗ್ಸ್ ಯುದ್ಧದ ಫಲವನ್ನೇ ಒಬ್ಬ ಸನ್ಯಾಸಿವೇಷಧಾರಿ ಬದಲಾಯಿಸಹೊರಡುವನು. ತಿದ್ದಬಹುದೆಂಬುದೇ ಅಲ್ಲಿಯ ಹಾಸ್ಯದ ಮೂಲ. ಎರಡಕ್ಕೂ ಒಂದೇ ನಿಯಮವನ್ನು ಹೊಂದಿಸಹೊರಟವನು ಕರುಣವನ್ನೂ ಹಾಸ್ಯವನ್ನೂ ಒಟ್ಟಿಗೆ ಕಳೆದುಕೊಳ್ಳುವನು. ನಿಯಮವು ಭಿನ್ನವಾಗಿರುವುದು ರಸವು ಭಿನ್ನವಾಗಿರುವುದರಿಂದ.

ಹಾಗೆಂದು ಕಾಲಕ್ರಮದ ಲೆಕ್ಕಾಚಾರವು ಯಾವಾಗಲೂ ರಸವಿರೋಧಿಯಲ್ಲ. ರಿವರ್ ಸಾಂಗ್ ಎಂಬ ಪಾತ್ರವೇ ಇದಕ್ಕೆ ನಿದರ್ಶನ. 2008ರಲ್ಲಿ ಅವಳು ಮೊದಲ ಸಲ ಕಾಣಿಸಿಕೊಂಡ ಕಥೆಯಲ್ಲೇ ಸಾಯುವಳು. ಅವಳಿಗೆ ನಾಯಕನು ಬಹುಕಾಲದ ಪ್ರಿಯನು. ಅವನಿಗೆ ಅವಳು ಅಪರಿಚಿತೆ. ಡಾರಿಲಿಯಮ್ ಎಂಬಲ್ಲಿ ಹಾಡುವ ಗೋಪುರಗಳನ್ನು ನೋಡಲು ಅವನು ಕರೆದುಕೊಂಡು ಹೋದ ರಾತ್ರಿಯನ್ನು ಅವಳು ನೆನೆಯುವಳು. ಆ ರಾತ್ರಿಯನ್ನು ಪ್ರೇಕ್ಷಕರು ಕಂಡದ್ದು ಏಳು ವರ್ಷಗಳ ಮೇಲೆ, 2015ರಲ್ಲಿ; ಅದೂ ಅಲ್ಲಿ ಒಂದು ರಾತ್ರಿಗೆ 24 ವರ್ಷಗಳ ದೀರ್ಘತೆಯೆಂಬ ಮಾತಿನೊಂದಿಗೆ. ಇಲ್ಲಿ ಘಟನೆಗಳ ಕ್ರಮವನ್ನು ಬಿಡಿಸಿ ಕೂಡಿಸುವ ಅಭಿಮಾನಿಯು ಒಗಟನ್ನು ಬಿಡಿಸುತ್ತಿಲ್ಲ; ಮೊದಲ ನೋಟದಲ್ಲಿ ಕೇವಲ ಕುತೂಹಲವಾಗಿದ್ದುದು ಎರಡನೆಯ ನೋಟದಲ್ಲಿ ಏಕೆ ವಿಪ್ರಲಂಭವಾಯಿತೆಂಬುದನ್ನು ತೋರಿಸುತ್ತಾನೆ. ಇದು ಶುದ್ಧವಾದ ವಿಮರ್ಶೆ. ಶ್ರೀನಿಧಿ ಬೆಂಗಳೂರು ಅವರು ನಿರ್ದೇಶಿಸಿ 2024ರ ಮಾರ್ಚಿಯಲ್ಲಿ ತೆರೆಕಂಡ ‘ಬ್ಲಿಂಕ್’ ಎಂಬ ಕನ್ನಡ ಚಲನಚಿತ್ರವೂ ಕಾಲಯಾನದ್ದೇ. ಅದನ್ನು ಕುರಿತು ಮಾತನಾಡುವವರು ಯಾವ ಘಟನೆ ಮೊದಲೆಂದು ಕೇಳುವುದರ ಜೊತೆಗೆ, ಆ ಕ್ರಮವ್ಯತ್ಯಾಸದಿಂದ ಯಾವ ಭಾವ ಹೆಚ್ಚಿತೆಂದೂ ಕೇಳಬೇಕಾಗಿದೆ. ಹಳಗನ್ನಡದ ತರಗತಿಗಳಲ್ಲಿ ಕವಿಯ ಕಾಲದೇಶಗಳಿಗೇ ಗಂಟೆ ಮುಗಿದು ಕಾವ್ಯವು ಮರುದಿನಕ್ಕೆ ಉಳಿಯುವುದುಂಟು. ಆದಕಾರಣ ಈ ಮಾತನ್ನು ಅಭಿಮಾನಿಗಳಿಗೆ ಮಾತ್ರ ಹೇಳಿದರೆ ನ್ಯಾಯವಾಗದು.

ಉಳಿದದ್ದು ಪ್ರಕ್ಷೇಪದ ವಿಚಾರ. 1976ರಲ್ಲಿ ಸ್ಥಾಪಿತವಾದ ಅಭಿಮಾನಿಗಳ ಸಂಘದ ಪತ್ರಿಕೆಯಲ್ಲಿ, ಅದೇ ವರ್ಷದ ‘ದಿ ಡೆಡ್ಲಿ ಅಸ್ಯಾಸಿನ್’ ಕಥೆಯನ್ನು ಸಂಘದ ಅಧ್ಯಕ್ಷರೇ ಕಟುವಾಗಿ ಖಂಡಿಸಿದರು. ಪೂಜ್ಯರಾಗಿದ್ದ ಕಾಲಾಧಿಪತಿಗಳನ್ನು ಮುದಿ ರಾಜಕಾರಣಿಗಳಾಗಿ ಮಾಡಲಾಯಿತೆಂಬುದು ಆಕ್ಷೇಪ. ಮುಂದಿನ ತಲೆಮಾರು ಅದನ್ನೇ ಉತ್ತಮ ಕಥೆಗಳ ಸಾಲಿಗೆ ಸೇರಿಸಿತು; 12 ಸಲ ಮಾತ್ರ ದೇಹ ಬದಲಾಯಿಸಬಹುದೆಂಬ ಅದರ ನಿಯಮವು ಶ್ರುತಿವಾಕ್ಯವಾಗಿ, 2013ರಲ್ಲಿ ಅದನ್ನು ಮೀರಿಸಲು ಒಂದು ಕಥೆಯನ್ನೇ ಹೆಣೆಯಬೇಕಾಯಿತು. ಅಷ್ಟರಲ್ಲಿ ಅಭಿಮಾನಿಗಳೇ ಕರ್ತೃಗಳಾಗಿದ್ದರು. 2005ರಲ್ಲಿ ಮಾಲಿಕೆಯನ್ನು ಪುನರುಜ್ಜೀವಿಸಿದ ರಸೆಲ್ ಡೇವಿಸರು ಬಾಲ್ಯದಿಂದ ಅದರ ಭಕ್ತರು. ನಾಯಕನ ಪಾತ್ರವನ್ನು 2013ರಲ್ಲಿ ವಹಿಸಿಕೊಂಡ ಪೀಟರ್ ಕಪಾಲ್ಡಿಯವರ ಅಭಿಮಾನಪತ್ರವು 1974ರಲ್ಲೇ ಅಚ್ಚಾಗಿತ್ತು.

ಕೇಳುಗನೇ ಕವಿಯಾಗುವುದರಲ್ಲಿ ದೋಷವಿಲ್ಲ. 2005ರ ‘ಫಾದರ್ಸ್ ಡೇ’ ಎಂಬ ಕಂತನ್ನು ಬರೆದ ಪಾಲ್ ಕಾರ್ನೆಲರು ಅಭಿಮಾನಿಗಳ ಬಳಗದಿಂದಲೇ ಬಂದವರು, 1987ರಲ್ಲಿ ಸತ್ತ ತಂದೆಯನ್ನು ಮಗಳು ಉಳಿಸಹೋಗುವ ಆ ಕಥೆಯಲ್ಲಿ ಹಳೆಯ ಶಂಕೆಗಳ ವಾಸನೆಯೇ ಇಲ್ಲ, ತಂದೆಮಕ್ಕಳಿಬ್ಬರೇ ಇರುವರು. 2020ರ ಮಾರ್ಚಿ 1ರಂದು ಪ್ರಸಾರವಾದ ‘ದಿ ಟೈಮ್‌ಲೆಸ್ ಚಿಲ್ಡ್ರನ್’ ಇದಕ್ಕೆ ವಿರುದ್ಧವಾದುದು. 1976ರ ಜನವರಿಯ ಒಂದು ಕಥೆಯಲ್ಲಿ, ನಾಯಕನ ಪೂರ್ವಜನ್ಮಗಳಂತೆ ತೋರುವ ಕೆಲವು ಅಪರಿಚಿತ ಮುಖಗಳು ಪರದೆಯ ಮೇಲೆ ಬಂದುಹೋಗಿದ್ದುವು. ಅವು ಯಾರವೆಂದು ಅಭಿಮಾನಿಗಳು ನಾಲ್ಕು ದಶಕ ವಾದಿಸಿದರು. 2020ರ ಕಂತು ಆ ವಾದಕ್ಕೆ ತೀರ್ಪು ಕೊಡಲೆಂದೇ ನಾಯಕನಿಗೆ ಅನಾದಿಯಾದ ಜನ್ಮಪರಂಪರೆಯನ್ನು ಕಟ್ಟಿತು. ಟಿಪ್ಪಣಿಯು ಮೂಲವಾಯಿತು, ನಾಯಕನಾದರೋ ಯಾವ ದುಃಖವನ್ನೂ ಸುಖವನ್ನೂ ಹೊಸದಾಗಿ ಪಡೆಯಲಿಲ್ಲ. ಆ ಹಳೆಯ ಮುಖಗಳಾದರೂ ಯಾರವು? ವೇಷ ತೊಟ್ಟು ಕ್ಯಾಮೆರಾದ ಮುಂದೆ ನಿಂತ ಆ ಕಥೆಯ ನಿರ್ಮಾಪಕ ಹಿಂಚ್‌ಕ್ಲಿಫ್, ಸಂಪಾದಕ ರಾಬರ್ಟ್ ಹೋಮ್ಸ್, ನಿರ್ದೇಶಕ ಕ್ರಿಸ್ಟೊಫರ್ ಬ್ಯಾರಿ ಮತ್ತು ಅವರ ಸಂಗಡಿಗರವು.