ಪರದೆಯ ಹಿಂದಿನ ಹೆಸರುಗಳು

ಇಂಡಿ ತಾಲೂಕಿನ ಸಾಲೋಟಗಿಯ ಶಾಸನಸ್ತಂಭವು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದು. ಅವನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆ, ಪರನಾಡುಗಳಿಂದ ಬಂದು ಓದುವವರ ವಸತಿ, ದೀಪದ ವೆಚ್ಚ, ಬೋಧಿಸುವವರ ಜೀವಿತ, ಇವುಗಳಿಗಾಗಿ ಬಿಟ್ಟ ಭೂಮಿ-ಮನೆಗಳ ಲೆಕ್ಕವೆಲ್ಲ ಅದರಲ್ಲಿದೆ. ಮದುವೆ-ಮುಂಜಿಗಳಾದಾಗ ಊರವರು ಶಾಲೆಗೆ ಸಲ್ಲಿಸಬೇಕಾದ ಕಾಣಿಕೆಯೂ ನಮೂದಾಗಿದೆ. ಕೊಟ್ಟವರ ಹೆಸರನ್ನು ಉಳಿಸುವ ಕ್ರಮವನ್ನು ಈ ಸೀಮೆ ಸಾವಿರ ವರ್ಷಗಳಿಂದ ಬಲ್ಲದು. ಆದರೆ ಇದೇ ಸೀಮೆಯಲ್ಲಿ ತಲೆಮಾರುಗಳಿಂದ ತೊಗಲು ಗೊಂಬೆಗಳನ್ನು ಆಡಿಸಿದವರ ಪೈಕಿ ಒಬ್ಬರ ಹೆಸರನ್ನಾದರೂ ಹೇಳಿರೆಂದು ಹಿರಿಯರನ್ನು ಕೇಳಿದರೆ ಉತ್ತರ ಸುಲಭವಾಗಿ ಬರುವುದಿಲ್ಲ. ಬಾಲಕ್ಕೆ ಬೆಂಕಿ ಹತ್ತಿಸಿಕೊಂಡ ಹನುಮಂತ ನೆನಪಿದ್ದಾನೆ, ಹತ್ತು ತಲೆಯ ರಾವಣ ನೆನಪಿದ್ದಾನೆ. ಪರದೆಯ ಹಿಂದೆ ಬೆಳಗಿನವರೆಗೆ ಕುಳಿತವರು ನೆನಪಿಲ್ಲ.

ಇದನ್ನು ಬರಿಯ ಮರೆವೆಂದು ಬಿಡುವಂತಿಲ್ಲ. ಆಟದಲ್ಲಿ ನಗಿಸುವುದಕ್ಕೆಂದೇ ಬರುವ ಕಿಡಿಗೇಡಿ ಗೊಂಬೆಯ ಹೆಸರು ಕಿಳ್ಳೇಕ್ಯಾತ. ಅವನ ಹೆಂಡತಿ ಬಂಗಾರಕ್ಕ. ಜನ ಆ ಗೊಂಬೆಯ ಹೆಸರನ್ನೇ ಅದನ್ನು ಆಡಿಸುವ ಇಡೀ ಸಮುದಾಯಕ್ಕೆ ಅಂಟಿಸಿದರು. ವಿಜಾಪುರದ ಕಡೆ ಕಟಬರು ಎಂದೂ ಕರೆಯುವುದುಂಟು. ಮನೆಯೊಳಗೆ ಮರಾಠಿಯ ಒಂದು ಬಗೆಯನ್ನು ಆಡುತ್ತ, ಪರದೆಯ ಹಿಂದೆ ಕುಳಿತಾಗ ಅಚ್ಚ ಕನ್ನಡದಲ್ಲಿ ರಾಮಾಯಣ-ಮಹಾಭಾರತಗಳನ್ನು ನುಡಿಯುವ ಈ ಜನರಿಗೆ ಸಂದ ಬಿರುದು ಒಂದು ವಿದೂಷಕ ಗೊಂಬೆಯದು. ಕರ್ನಾಟಕದ ತೊಗಲು ಗೊಂಬೆಗಳಲ್ಲಿ ದೇವರು ಮತ್ತು ಅರಸರ ಗೊಂಬೆಗಳು ದೊಡ್ಡವು, ಸೇವಕರ ಮತ್ತು ಸಾಮಾನ್ಯರ ಗೊಂಬೆಗಳು ಚಿಕ್ಕವು. ಆ ಅಳತೆಗೋಲಿನಲ್ಲಿ ಆಡಿಸುವವನಿಗೆ ಗೇಣುದ್ದದ ಜಾಗವೂ ದೊರೆತಿಲ್ಲ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು 96. ಎಳೆಯ ವಯಸ್ಸಿನಲ್ಲೇ ಗೊಂಬೆ ಹಿಡಿದು, ಹಲವು ವಿದೇಶಗಳಲ್ಲಿಯೂ ಆಟ ತೋರಿಸಿ ಬಂದ ಆ ತಾಯಿಯ ಹೆಸರನ್ನು ನಾಡಿನ ಬಹುಮಂದಿ ಕೇಳಿದ್ದು ಅಂದೇ. ಅಡ್ಡಹೆಸರಿನ ಜಾಗದಲ್ಲಿ ಆಗಲೂ ಗೊಂಬೆಯೇ ನಿಂತಿತ್ತು. ಆದರೂ ಅದರ ಮುಂದೆ ಒಬ್ಬ ವ್ಯಕ್ತಿಯ ಹೆಸರು ಅಚ್ಚಾಯಿತು ಎಂಬುದು ಸಣ್ಣ ಸಂಗತಿಯಲ್ಲ.

ಹಳ್ಳಿಯ ಪರದೆಯಿಂದ ಚಲನಚಿತ್ರ ಮತ್ತು ದೂರದರ್ಶನದ ತೆರೆಗೆ ಬಂದರೆ ಬಂಡವಾಳ ಬೆಳೆದಿದೆ, ನಡವಳಿಕೆ ಅಷ್ಟಾಗಿ ಬದಲಾಗಿಲ್ಲ. ಅಮೆರಿಕದ ಜಿಮ್ ಹೆನ್ಸನ್ 1955ರಲ್ಲಿ ತಾಯಿಯ ಹಳೆಯ ಕೋಟಿನ ಬಟ್ಟೆಯಿಂದ ಹೊಲಿದ ಕರ್ಮಿಟ್ ಎಂಬ ಹಸಿರು ಕಪ್ಪೆ ಜಗತ್ತಿನ ಮಕ್ಕಳಿಗೆಲ್ಲ ಅಚ್ಚುಮೆಚ್ಚು. ಹೆನ್ಸನ್ 1990ರಲ್ಲಿ ತೀರಿಕೊಂಡ ಮೇಲೆ ಸ್ಟೀವ್ ವಿಟ್ಮಿಯರ್ ಎಂಬವರು ಆ ಕಪ್ಪೆಗೆ ಕೈಯೂ ದನಿಯೂ ಆದರು. 2004ರಲ್ಲಿ ಈ ಬಳಗದ ಗೊಂಬೆಗಳನ್ನು ಡಿಸ್ನಿ ಸಂಸ್ಥೆ ಕೊಂಡಿತು. 2016ರಲ್ಲಿ ವಿಟ್ಮಿಯರ್ ಅವರನ್ನು ಬಿಡಿಸಿ, ಮುಂದೆ ಮ್ಯಾಟ್ ವೋಗಲ್ ಅವರಿಗೆ ಕಪ್ಪೆಯನ್ನು ಒಪ್ಪಿಸಲಾಯಿತು. ಬಿಡಿಸಿದ ಕಾರಣದ ಬಗ್ಗೆ ಎರಡು ಪಕ್ಷಗಳ ಹೇಳಿಕೆಗಳೂ ಬೇರೆ ಬೇರೆ. ಅದರ ವಿಚಾರಣೆ ಇಲ್ಲಿ ಅನವಶ್ಯಕ. ಗಮನಿಸಬೇಕಾದುದು ಬೇರೊಂದು. 2017ರಲ್ಲಿ ಸುದ್ದಿ ಹೊರಬಿದ್ದಾಗಲೇ ಅನೇಕ ಪ್ರೇಕ್ಷಕರಿಗೆ ಇಷ್ಟು ವರ್ಷ ತಾವು ಪ್ರೀತಿಸಿದ ದನಿ ಇಂಥವರದೆಂದು ತಿಳಿದದ್ದು. ಚಿತ್ರದ ಕೊನೆಯಲ್ಲಿ ಸಾಲುಸಾಲಾಗಿ ಏರಿಹೋಗುವ ಹೆಸರುಗಳಲ್ಲಿ ಅವರ ಹೆಸರೂ ಇರುತ್ತಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ಭಿತ್ತಿಪತ್ರದಲ್ಲಿ ತಾರೆಯಾಗಿ ಮೆರೆಯುವುದು ಕಪ್ಪೆ. ಸಂದರ್ಶನಗಳಲ್ಲಿ ನಮಸ್ಕರಿಸಿ ಮಾತನಾಡುವುದೂ ಕಪ್ಪೆಯೇ. ಪ್ರೇಕ್ಷಕರು ಎದ್ದು ಬಾಗಿಲು ದಾಟಿದ ಮೇಲೆ ತೋರಿಸುವ ಹೆಸರು ಲೆಕ್ಕ ಒಪ್ಪಿಸಿದಂತಾಗುತ್ತದೆಯೇ ಹೊರತು ಗೌರವಿಸಿದಂತಾಗುವುದಿಲ್ಲ.

ನಮ್ಮ ಕಡೆಯ ಮನೆಗಳಿಗೆ ಇನ್ನೂ ಹತ್ತಿರದ ನಿದರ್ಶನವಿದೆ. ದೂರದರ್ಶನದ ದಿನಗಳಲ್ಲಿ ಲಿಜ್ಜತ್ ಹಪ್ಪಳದ ಜಾಹೀರಾತಿನ ಮೊಲದ ಗೊಂಬೆಯನ್ನು ಅರಿಯದ ಮಗುವಿರಲಿಲ್ಲ. ಅದರ ಸೂತ್ರಧಾರ ಮುಂಬಯಿಯ ರಾಮದಾಸ ಪಾಧ್ಯೆ. ತಂದೆ ವೈ.ಕೆ. ಪಾಧ್ಯೆಯವರು ರೂಪಿಸಿದ ಅರ್ಧವಟರಾವನನ್ನು ಮುಂದುವರಿಸಿದವರೂ, 1993ರ ‘ಝಪಾಟಲೇಲಾ’ ಎಂಬ ಮರಾಠಿ ಚಿತ್ರದ ತಾತ್ಯಾ ವಿಂಚು ಗೊಂಬೆಯನ್ನು ಮಾಡಿ ಆಡಿಸಿದವರೂ ಅವರೇ. ತಾತ್ಯಾ ವಿಂಚುವಿನ ಹೆಸರು ಕೇಳಿ ನಕ್ಕವರೆಷ್ಟೋ. ಪಾಧ್ಯೆಯವರ ಹೆಸರು ಬಲ್ಲವರು ಅಷ್ಟಿಲ್ಲ. ಜಾಹೀರಾತಿನಲ್ಲಂತೂ ಕಲಾವಿದರ ಹೆಸರು ಹಾಕುವ ಪದ್ಧತಿಯೇ ಇಲ್ಲ. ವಿಪರ್ಯಾಸವೆಂದರೆ, ಆ ಹಪ್ಪಳದ ಸಂಸ್ಥೆ 1959ರಲ್ಲಿ ಏಳು ಮಂದಿ ಸ್ತ್ರೀಯರು 80 ರೂಪಾಯಿ ಸಾಲ ತಂದು ಕಟ್ಟಿದ್ದು. ಲಟ್ಟಣಿಗೆ ಹಿಡಿದ ಪ್ರತಿಯೊಬ್ಬ ಸೋದರಿಯೂ ಅದರಲ್ಲಿ ಒಡತಿ. ಕೆಲಸ ಮಾಡಿದ ಕೈಗೆ ಒಡೆತನ ಕೊಡಬಹುದೆಂದು ತೋರಿಸಿಕೊಟ್ಟ ಸಂಸ್ಥೆಯ ಜಾಹೀರಾತಿಗೂ ಪೇಟೆಯ ರೂಢಿಯೇ ಅನ್ವಯಿಸಿತು.

ರೂಢಿಯ ಬಲ ಎಷ್ಟೆಂಬುದು ಕಾನೂನನ್ನು ಓದಿದರೆ ತಿಳಿಯುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ತಂದ ತಿದ್ದುಪಡಿಯಲ್ಲಿ ಪ್ರದರ್ಶಕನ ಹಕ್ಕೆಂಬುದು ಸೇರಿತು. ನಟ, ಗಾಯಕ, ನರ್ತಕ, ದೊಂಬರಾಟದವನು, ಜಾದೂಗಾರ, ಹಾವಾಡಿಗ ಎಲ್ಲರೂ ಅದರ ವ್ಯಾಖ್ಯೆಯಲ್ಲಿದ್ದಾರೆ. ಗೊಂಬೆಯಾಟದವನ ಹೆಸರೆತ್ತಿಲ್ಲ, ಅವನು ‘ಪ್ರದರ್ಶನ ನೀಡುವ ಇತರ ಯಾವನೇ ವ್ಯಕ್ತಿ’ ಎಂಬ ಮಾತಿನಲ್ಲಿ ಅಡಗಿ ಕುಳಿತಿದ್ದಾನೆ. 2012ರ ತಿದ್ದುಪಡಿ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಪ್ರದರ್ಶನಕ್ಕೆ ತನ್ನನ್ನು ಪ್ರದರ್ಶಕನೆಂದು ಗುರುತಿಸುವಂತೆ ಕೇಳುವ ಹಕ್ಕನ್ನು 38-ಬಿ ಕಲಮಿನಲ್ಲಿ ಕೊಟ್ಟಿತು. ಇದು ಸ್ತುತ್ಯ. ಆದರೆ ಅದೇ ತಿದ್ದುಪಡಿಯೇ ವ್ಯಾಖ್ಯೆಗೆ ಒಂದು ಪರಂತುಕವನ್ನೂ ಸೇರಿಸಿತು. ಚಲನಚಿತ್ರದಲ್ಲಿ ಯಾರ ಪಾತ್ರ ಆಕಸ್ಮಿಕ ಅಥವಾ ಪ್ರಾಸಂಗಿಕವೋ, ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಎಲ್ಲಿಯೂ ತೋರಿಸುವುದಿಲ್ಲವೋ, ಅಂಥವರು ಪ್ರದರ್ಶಕರೆನಿಸರು. ಪ್ರದರ್ಶನವನ್ನು ವಿರೂಪಗೊಳಿಸಿ ಕೀರ್ತಿಗೆ ಕುಂದು ತಂದಾಗ ಆಕ್ಷೇಪಿಸುವ ಹಕ್ಕೊಂದೇ ಅವರಿಗೆ ಉಳಿಯುತ್ತದೆ. ಹೆಸರು ಹಾಕದಿರುವ ರೂಢಿಯೇ ಹೆಸರಿನ ಹಕ್ಕಿಲ್ಲವೆನ್ನುವುದಕ್ಕೆ ಆಧಾರಗಳಲ್ಲೊಂದಾಯಿತು. ಸಾಲಗಾರನು ತಾನು ಎಂದೂ ಸಾಲ ತೀರಿಸಿದವನಲ್ಲವೆಂಬುದನ್ನೇ ಮುಂದಿಟ್ಟು ಋಣಮುಕ್ತಿ ಕೇಳಿದರೆ ಯಾವ ಪೇಟೆಯಲ್ಲಿ ಒಪ್ಪಿಯಾರು?

ಸ್ಟುಡಿಯೊಗಳ ಪಕ್ಷದಲ್ಲಿಯೂ ಒಂದು ವಾದವಿದೆ. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಗೊಂಬೆ ಬದುಕುವುದೇ ಕೈ ಮರೆಯಾದಾಗ. ಹೆಸರು ಹೇಳಿದೊಡನೆ ಮಗುವಿನ ನಂಬಿಕೆ ಒಡೆಯುತ್ತದೆ ಎಂದು ಅವರು ಹೇಳುತ್ತಾರೆ. ಆದರೆ ಜಪಾನಿನ ಬುನ್‌ರಾಕು ಆಟದಲ್ಲಿ ಒಂದೊಂದು ಮುಖ್ಯ ಗೊಂಬೆಯನ್ನು ಮೂವರು ಪ್ರೇಕ್ಷಕರ ಎದುರಿಗೇ ನಿಂತು ಆಡಿಸುತ್ತಾರೆ, ಅವರಲ್ಲಿ ಮುಖ್ಯನಾದವನು ಸಾಮಾನ್ಯವಾಗಿ ಮುಖವನ್ನೂ ಮುಚ್ಚಿಕೊಳ್ಳುವುದಿಲ್ಲ. ಆದರೂ ಜನ ಕಣ್ಣೀರಿಡುವುದು ಗೊಂಬೆಯ ದುಃಖಕ್ಕೆ. ಅರ್ಧವಟರಾವನ ಪಕ್ಕದಲ್ಲಿ ಪಾಧ್ಯೆಯವರು ಕುಳಿತಿರುವುದು ಎಲ್ಲರಿಗೂ ಕಾಣುತ್ತದೆ. ಆದರೂ ಪ್ರೇಕ್ಷಕರು ಉತ್ತರ ಕೇಳುವುದು ಅರ್ಧವಟರಾವನನ್ನೇ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟವನ್ನು ಕರಾವಳಿಯ ಜನ ಕೊಗ್ಗ ಕಾಮತರ ಹೆಸರಿನಿಂದಲೇ ಗುರುತಿಸಿದರು. ಅದರಿಂದ ಸೂತ್ರದ ಗೊಂಬೆಯ ಕುಣಿತಕ್ಕೆ ಕುಂದು ಬರಲಿಲ್ಲ. ಹೀಗಿರುವಾಗ ಮಾಯೆಯ ನೆಪ ಮುಂದಿಟ್ಟು ರಕ್ಷಿಸುತ್ತಿರುವುದು ಬಹುಮಟ್ಟಿಗೆ ಒಡೆತನವನ್ನು. ಹೆಸರಿಲ್ಲದ ಕೈಯನ್ನು ಬದಲಿಸುವುದು ಸುಲಭ.

ಅನ್ಯರನ್ನು ಆಕ್ಷೇಪಿಸುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಚಾವುಂಡರಾಯನು ಮಾಡಿಸಿದನೆಂದು ಕನ್ನಡ, ತಮಿಳು, ಮರಾಠಿಗಳಲ್ಲಿ ಕೆತ್ತಲಾಗಿದೆ. ಮಾಡಿದವನ ಹೆಸರು ಅಲ್ಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರುಗಳನ್ನು ತಾವೇ ಕೆತ್ತಿಕೊಂಡರು. ಕಲ್ಲುಕುಟಿಗನಿಗೆ ಉಳಿಯಾದರೂ ಕೈಯಲ್ಲಿತ್ತು. ದೀಪ ಆರಿದೊಡನೆ ಕೃತಿಯೇ ಅಳಿಸಿಹೋಗುವ ಗೊಂಬೆಯಾಟದವನು ಎಲ್ಲಿ ಕೆತ್ತಿಕೊಳ್ಳಬೇಕು?

ಅಚೌರ್ಯಾಣುವ್ರತವನ್ನು ವಿವರಿಸುವಾಗ ಕೊಡದುದನ್ನು ತೆಗೆದುಕೊಳ್ಳುವುದೇ ಕಳವೆಂದು ಶ್ರಾವಕರಿಗೆ ಹೇಳಲಾಗುತ್ತದೆ. ಕಲಾವಿದನು ಸಂಭಾವನೆ ಪಡೆದು ಆಟವನ್ನು ಕೊಟ್ಟಿದ್ದಾನೆ, ಹೆಸರನ್ನು ಬಿಟ್ಟುಕೊಟ್ಟಿಲ್ಲ. ತೊಗಲೆಂಬ ಕಾರಣಕ್ಕೆ ಈ ಆಟವನ್ನು ಬಸದಿಯ ಆವರಣಕ್ಕೆ ಕರೆಯಲು ಸಂಕೋಚಪಡುವ ಟ್ರಸ್ಟುಗಳಿವೆ. ಆ ಸಂಕೋಚ ಅರ್ಥವಾಗುವಂಥದು, ಅದು ಬೇರೆಯೇ ಚರ್ಚೆ. ಮರದ ಗೊಂಬೆ, ಕೋಲಾಟ, ಭಜನೆ, ವಾದ್ಯಮೇಳಗಳಿಗೆ ಆ ಸಂಕೋಚವಿಲ್ಲವಷ್ಟೆ? ಆದರೂ ಆಮಂತ್ರಣಪತ್ರಿಕೆಗಳಲ್ಲಿ ಕಲಶದ ಸವಾಲು ಹಿಡಿದವರು, ಅನ್ನದಾನ ಮಾಡಿದವರು, ಪೆಂಡಾಲು ಕೊಟ್ಟವರು ಎಲ್ಲರ ಹೆಸರುಗಳೂ ಊರುಸಹಿತ ಇರುತ್ತವೆ. ಕೊನೆಯಲ್ಲಿ ‘ರಾತ್ರಿ ಮನರಂಜನೆ ಕಾರ್ಯಕ್ರಮ ಜರುಗುವುದು’ ಎಂಬ ಒಂದು ಸಾಲು. ಕರಾವಳಿಯ ಯಕ್ಷಗಾನದ ಕರಪತ್ರಗಳಾದರೋ ಭಾಗವತರಿಂದ ಹಿಡಿದು ಚೆಂಡೆ-ಮದ್ದಳೆಯವರವರೆಗೆ, ಮುಮ್ಮೇಳದ ವೇಷಧಾರಿಗಳವರೆಗೆ ಹೆಸರು ಕೊಡುತ್ತವೆ. ಅವುಗಳನ್ನೂ ಸಾಧಾರಣ ಮುದ್ರಣಾಲಯಗಳಲ್ಲಿಯೇ ಅಚ್ಚು ಹಾಕಿಸುವುದು.

ಇನ್ನು ಹೆಸರು ತಿಳಿಯದೆಂಬ ನೆಪ. ಉತ್ಸವ ಮುಗಿದು ಲೆಕ್ಕಪತ್ರ ಬರೆಯುವಾಗ ಗೊಂಬೆಯಾಟದವರಿಗೆ ಕೊಟ್ಟ ಹಣಕ್ಕೆ ವೋಚರ್ ಇರಲೇಬೇಕು. ಅದರಲ್ಲಿ ಮೇಳದ ಯಜಮಾನನ ಹೆಸರು, ಊರು, ಸಹಿ ಅಥವಾ ಹೆಬ್ಬೆಟ್ಟು ಎಲ್ಲವೂ ಇರುತ್ತವೆ. ಇಲ್ಲವಾದರೆ ಆಡಿಟರು ಒಪ್ಪುವುದಿಲ್ಲ. ಆದರೆ ಆ ವೋಚರಿನಲ್ಲಿರುವುದೂ ಒಂದೇ ಹೆಸರು. ಪರದೆಯ ಹಿಂದೆ ಹಾರ್ಮೋನಿಯಂ ಹಿಡಿದು ಹಾಡುವ ಆತನ ಹೆಂಡತಿ, ತಾಳ ಹಾಕುವ ಅಣ್ಣ, ಗೊಂಬೆಗಳನ್ನು ಸರದಿಯಂತೆ ಎತ್ತಿಕೊಡುವ ಮಗಳು ಇವರ ಹೆಸರುಗಳನ್ನು ಮುಂಗಡ ಕೊಡುವ ದಿನವೇ ಕೇಳಿ ಬರೆದುಕೊಂಡರೆ ಪತ್ರಿಕೆಯಲ್ಲಿ ಹೆಚ್ಚಾಗುವುದು ಎರಡು ಸಾಲು.