‘ಯಾರ ಪಾಪ?’ ಎಂಬ ಪ್ರಶ್ನೆ: ಮಂಜಮ್ಮ ಜೋಗತಿಯವರ ಆತ್ಮಕಥನವನ್ನು ಓದುತ್ತಾ

ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ದೈವಶಾಸ್ತ್ರದ ಗ್ರಂಥವಲ್ಲ. ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿರುವ ಈ ಕೃತಿಯನ್ನು ಜಾನಪದ ಮತ್ತು ರಂಗಭೂಮಿಯ ಆಸಕ್ತರು ತಮ್ಮದೆಂದು ಸ್ವೀಕರಿಸಿದ್ದಾರೆ. ನಾವು ಇದನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದಕ್ಕೆ ಬೇರೆಯದೇ ಕಾರಣವಿದೆ. ಗಂಡಾಗಿ ಹುಟ್ಟಿದ ಮಗು ತಾನು ಹೆಣ್ಣೆಂದು ಬಗೆದಾಗ ಆ ಸಂಕಟಕ್ಕೆ ಜನರು ಯಾವ ಮೂಲವನ್ನು ಕಲ್ಪಿಸುತ್ತಾರೆ, ಆ ಕಲ್ಪನೆಯಿಂದಲೇ ಹೇಗೆ ಚಿಕಿತ್ಸೆಯೂ ಹುಟ್ಟಿಕೊಳ್ಳುತ್ತದೆ ಎಂಬುದನ್ನು ಕನ್ನಡದಲ್ಲಿ ಇಷ್ಟು ನೇರವಾಗಿ ತೋರಿಸುವ ಬರಹಗಳು ವಿರಳ.

ಬಳ್ಳಾರಿ ಸೀಮೆಯ ಕಲ್ಲುಕಂಬದ ಶೆಟ್ಟರ ಮನೆಯ ಮಗನಲ್ಲಿ ಹೆಣ್ಣಿನ ನಡೆನುಡಿ ಕಾಣಿಸಿದಾಗ ಮನೆಯವರಿಗೆ ಮೊದಲು ತೋಚಿದ್ದು ಹೊಡೆತ ಮತ್ತು ದೇವರು ದಿಂಡರ ಮೊರೆ. ಬಳಿಕ ಬಂದದ್ದು ‘ಇದು ಅಮ್ಮನ ಕರೆ’ ಎಂಬ ತೀರ್ಮಾನ. ಹೊಸಪೇಟೆಯ ಬಳಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಹುಡುಗನ ಉಡಿದಾರವನ್ನು ಹರಿದು, ಲಂಗ ರವಿಕೆ ಬಳೆ ತೊಡಿಸಿ, ಮುತ್ತು ಕಟ್ಟಿ ಜೋಗತಿಯನ್ನಾಗಿಸಿದರು. ತಾಯಿಯ ಪಾಲಿಗೆ ಅದು ಮಗನನ್ನು ಕಳೆದುಕೊಂಡ ದಿನ. ಮುಂದೆ ವಿಷ ಕುಡಿದು ಬದುಕುಳಿದದ್ದು, ಭಿಕ್ಷೆ, ಕಾಳವ್ವ ಜೋಗತಿಯವರ ಬಳಿ ಕಲಿತ ಜೋಗತಿ ನೃತ್ಯ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರ ಪದ್ಮಶ್ರೀ: ಇವೆಲ್ಲ ನಾಡಿಗೆ ತಿಳಿದ ಸಂಗತಿಗಳು.

ಜೋಗತಿ ಪರಂಪರೆ ಮತ್ತು ವೈದ್ಯರು ‘ಜೆಂಡರ್ ಡಿಸ್ಫೋರಿಯಾ’ ಎಂದು ಕರೆಯುವ ಸಂಕಟ ಒಂದೇ ಅಲ್ಲ. ಆದರೂ ಹುಲಿಗಿಯಲ್ಲಿ ನಡೆದದ್ದು ಒಂದು ರೋಗನಿದಾನವೇ ಎಂಬುದನ್ನು ನಾವು ಗಮನಿಸಬೇಕು. ಮೂಲ: ದೇವಿಯ ಆಯ್ಕೆ. ಚಿಕಿತ್ಸೆ: ಆಕೆಗೆ ಒಪ್ಪಿಸುವುದು. ಈ ನಿದಾನದಲ್ಲಿ ಒಂದು ಕರುಣೆಯಿದೆ. ಅದು ಮಗುವಿನ ಮೇಲೆ ಪಾಪವನ್ನು ಹೊರಿಸುವುದಿಲ್ಲ. ದೇವಿಯ ಭಯವು ಹೊಡೆಯುವ ಕೈಯನ್ನು ತಡೆಯುತ್ತದೆ. ಆದರೆ ಅದು ಕೇಳುವ ಬೆಲೆಯೂ ಸಣ್ಣದಲ್ಲ. ದೇವಿಗೆ ಸೇರಿದ ಮಗು ಮನೆಗೆ ಸೇರದು. ಅದರ ಅನ್ನ ಇನ್ನು ಬೀದಿಯಲ್ಲಿ. ಪೂಜ್ಯತೆ ಮತ್ತು ಪರಿತ್ಯಾಗ ಒಂದೇ ವಿಧಿಯೊಳಗೆ ನಡೆದುಹೋಗುತ್ತವೆ. ಕೃತಿಯ ಶಕ್ತಿ ಇರುವುದು ಈ ಇಬ್ಬಂದಿತನದಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಇದನ್ನು ‘ಅನ್ಯರ ಮೂಢನಂಬಿಕೆ’ ಎಂದು ಬದಿಗಿಡುವ ಆತುರ ಬೇಡ. ಓದುಬರಹ ಬಲ್ಲವರ ಶಾಸನಸಭೆಯೇ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮನ್ನು ಸೇರಿಸಿ, ಹುಡುಗರನ್ನು ಅಪಹರಿಸಿ ವೃಷಣಹೀನರನ್ನಾಗಿಸುವ ಶಂಕೆಯುಳ್ಳ ‘ನಪುಂಸಕ’ರ ಪಟ್ಟಿಯಿಡಲು ಅವಕಾಶ ಕಲ್ಪಿಸಿತ್ತು. 1871ರ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆಯ ನೆರಳು ಅದರಲ್ಲಿ ಸ್ಪಷ್ಟ. ಇಂಥವರು ಹುಟ್ಟುವುದಿಲ್ಲ, ಇವರನ್ನು ಕದ್ದು ‘ಮಾಡಲಾಗುತ್ತದೆ’ ಎಂಬ ಜನನಂಬಿಕೆಯೇ ಅಲ್ಲಿ ಕಾನೂನಿನ ಭಾಷೆ ತೊಟ್ಟಿತ್ತು. ನ್ಯಾಯಾಲಯದಲ್ಲಿ ಪ್ರಶ್ನಿಸಿದ ಮೇಲೆಯೇ ಅದಕ್ಕೆ ತಿದ್ದುಪಡಿಯಾಯಿತು.

ನಮ್ಮ ಧರ್ಮಕೇಂದ್ರಗಳಲ್ಲಿ ಕೇಳಿಬರುವ ವಿವರಣೆಗಳೂ ಇದೇ ಜಾತಿಯವು: ಪೂರ್ವಜರ ಶಾಪ, ಹೆಣ್ಣುಮಗು ಬೇಕೆಂದು ತಾಯಿ ಹರಸಿಕೊಂಡದ್ದು, ದುಷ್ಟಾತ್ಮ, ಇತ್ತೀಚೆಗೆ ಮೊಬೈಲು ಮತ್ತು ‘ಪಶ್ಚಿಮದ ಗಾಳಿ’. ಕೊನೆಯದಂತೂ ವಿಚಿತ್ರ. ಹುಲಿಗೆಮ್ಮನ ಗುಡಿಗೆ ಪಶ್ಚಿಮದ ಗಾಳಿ ಯಾವ ದಿಕ್ಕಿನಿಂದ ಬೀಸಿತು? ಈ ವಿವರಣೆಗಳಿಗೆ ತಕ್ಕಂತೆ ಚಿಕಿತ್ಸೆಗಳು: ಉಪವಾಸ, ಧ್ಯಾನಕೂಟದಲ್ಲಿ ತಲೆಯ ಮೇಲೆ ಕೈಯಿಟ್ಟು ಗದರುವುದು, ಕೊನೆಗೆ ಮದುವೆ. ಭೂತೋಚ್ಚಾಟನೆಗೆ ಧರ್ಮಾಧ್ಯಕ್ಷರ ವಿಶೇಷ ಹಾಗೂ ಸ್ಪಷ್ಟ ಅನುಮತಿ ಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 1172ನೆಯ ವಿಧಿ ಹೇಳುತ್ತದೆ. ಅದೂ ಭಕ್ತಿ, ಜ್ಞಾನ, ವಿವೇಕವುಳ್ಳ ಗುರುವಿಗೆ ಮಾತ್ರ. ಈ ವಿಧಿಯನ್ನು ನಾವು ಪರೀಕ್ಷೆಗೆ ಓದುತ್ತೇವೆ, ಧ್ಯಾನಕೂಟದಲ್ಲಿ ಮರೆಯುತ್ತೇವೆ.

ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ಕಂಡು ಕೇಳಿದ ಪ್ರಶ್ನೆಯನ್ನು ಇಲ್ಲಿ ನೆನೆಯಬೇಕು. ನಾವು ಕುರುಡುತನಕ್ಕೆ ಈ ಸಂಕಟವನ್ನು ಹೋಲಿಸುತ್ತಿಲ್ಲ. ಹೋಲಿಸುತ್ತಿರುವುದು ಪ್ರಶ್ನೆಯ ರಚನೆಯನ್ನು. ಅವರು ಎರಡೇ ಆಯ್ಕೆಗಳನ್ನು ಮುಂದಿಟ್ಟರು: ಅವನ ಪಾಪ, ಇಲ್ಲವೇ ಹೆತ್ತವರ ಪಾಪ. ಯೇಸುಸ್ವಾಮಿ ಎರಡನ್ನೂ ನಿರಾಕರಿಸಿದರು.

ವೈದ್ಯಶಾಸ್ತ್ರವೂ ಇಂದು ಒಂದೇ ಕಾರಣವನ್ನು ಬೊಟ್ಟುಮಾಡುವ ಸ್ಥಿತಿಯಲ್ಲಿಲ್ಲ. ಅನುವಂಶೀಯತೆ, ಗರ್ಭಾವಸ್ಥೆಯ ಹಾರ್ಮೋನುಗಳು, ಬೆಳೆದ ಪರಿಸರ ಇವೆಲ್ಲ ಪರಿಶೀಲನೆಯಲ್ಲಿವೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗ ವರ್ಗೀಕರಣವು ಇದನ್ನು ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಿಂದ ಹೊರತೆಗೆಯಿತು. ಅದೇ ವರ್ಷ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವು ‘ಪರಿವರ್ತನಾ ಚಿಕಿತ್ಸೆ’ಯನ್ನು ವೃತ್ತಿದುರ್ನಡತೆ ಎಂದು ಘೋಷಿಸಿತು. ಇನ್ನೊಂದು ಬದಿಯಲ್ಲಿ, 2024ರಲ್ಲಿ ಇಂಗ್ಲೆಂಡಿನ ಕ್ಯಾಸ್ ವರದಿಯು ಹದಿಹರೆಯದವರಿಗೆ ಪ್ರೌಢಾವಸ್ಥೆಯನ್ನು ತಡೆಯುವ ಔಷಧಗಳನ್ನು ನೀಡುವುದಕ್ಕೆ ಆಧಾರ ದುರ್ಬಲವೆಂದು ಎಚ್ಚರಿಸಿತು. ಬಲವಂತದಿಂದ ತಿದ್ದುವವರಿಗೂ ಆತುರದಿಂದ ಮದ್ದು ಬರೆಯುವವರಿಗೂ ಇಲ್ಲಿ ಸಮಾಧಾನವಿಲ್ಲ.

ಧರ್ಮಸಭೆಯ ಬೋಧನೆಯನ್ನು ಉಲ್ಲೇಖಿಸುವಾಗ ಅದು ಹೇಳಿರುವುದಕ್ಕಿಂತ ಹೆಚ್ಚನ್ನು ಅದರ ಬಾಯಲ್ಲಿ ತುಂಬಬಾರದು. 2024ರ ಏಪ್ರಿಲ್‌ನಲ್ಲಿ ಪ್ರಕಟವಾದ ‘ಡಿಗ್ನಿಟಾಸ್ ಇನ್ಫಿನಿಟಾ’ ಲಿಂಗತ್ವ ಸಿದ್ಧಾಂತವನ್ನು ತಿರಸ್ಕರಿಸುತ್ತದೆ. ಲಿಂಗಪರಿವರ್ತನೆಯ ಹಸ್ತಕ್ಷೇಪವು ಸಾಮಾನ್ಯವಾಗಿ ವ್ಯಕ್ತಿಯ ಅನನ್ಯ ಘನತೆಗೆ ಅಪಾಯವೆನ್ನುತ್ತದೆ. ಇದನ್ನು ನಾವು ವಿಧೇಯತೆಯಿಂದ ಸ್ವೀಕರಿಸುತ್ತೇವೆ. ಆದರೆ ಈ ಸಂಕಟ ಶಾಪದಿಂದ ಬಂದದ್ದೆಂದಾಗಲಿ, ದೆವ್ವದಿಂದ ಬಂದದ್ದೆಂದಾಗಲಿ ಅದು ಎಲ್ಲಿಯೂ ಹೇಳಿಲ್ಲ. ಅದಕ್ಕೆ ಆರು ತಿಂಗಳ ಹಿಂದೆಯಷ್ಟೇ, ಶಸ್ತ್ರಚಿಕಿತ್ಸೆಗೆ ಒಳಗಾದ ಲಿಂಗಾಂತರಿ ವ್ಯಕ್ತಿಯೂ ಸಾರ್ವಜನಿಕ ಅಪನಿಂದೆಗೆ ಎಡೆಯಿಲ್ಲದಿದ್ದಲ್ಲಿ ಇತರ ವಿಶ್ವಾಸಿಗಳಂತೆಯೇ ದೀಕ್ಷಾಸ್ನಾನ ಪಡೆಯಬಹುದೆಂದು ಅದೇ ಪರಿಷತ್ತು ಉತ್ತರಿಸಿತ್ತು.

ಮದುವೆಯೆಂಬ ಚಿಕಿತ್ಸೆಯ ಬಗ್ಗೆ ಸ್ವಲ್ಪ ಕಠೋರವಾಗಿಯೇ ಬರೆಯಬೇಕಾಗಿದೆ. ‘ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ’ ಎನ್ನುವ ಗುರುವು ಪರಮ ಸಂಸ್ಕಾರವೊಂದನ್ನು ಔಷಧದ ಗುಳಿಗೆಯಾಗಿಸುತ್ತಾನೆ. ದಾಂಪತ್ಯದ ಮೂಲಭೂತ ಹೊಣೆಗಳನ್ನು ಹೊರಲು ಮಾನಸಿಕ ಕಾರಣಗಳಿಂದ ಅಶಕ್ತನಾದವನ ಬಗ್ಗೆ 1095ನೆಯ ವಿಧಿ, ಸಮ್ಮತಿ ಪಡೆಯಲೆಂದೇ ಎಸಗಿದ ವಂಚನೆಯ ಬಗ್ಗೆ 1098ನೆಯ ವಿಧಿ ಏನು ಹೇಳುತ್ತವೆಂದು ಅವನಿಗೆ ಗೊತ್ತಿದೆ. ಪೀಠದ ಮುಂದೆ ನಿಂತ ಆ ಹುಡುಗಿಗೆ ಮಾತ್ರ ಏನೂ ಗೊತ್ತಿಲ್ಲ. ಅವಳನ್ನು ಮದ್ದಾಗಿ ಬಳಸಲು ನಮಗೆ ಯಾರು ಅಧಿಕಾರ ಕೊಟ್ಟರು?

ಇನ್ನು ಕೃತಿಯ ಶೀರ್ಷಿಕೆಯೊಂದಿಗೆ ನಮಗಿರುವ ತಕರಾರು. ಅದು ಜೇಡರ ದಾಸಿಮಯ್ಯನ ಪ್ರಸಿದ್ಧ ವಚನದಿಂದ ಬಂದದ್ದು. ದೇಹದ ಗುರುತುಗಳಿಂದ ಜನರು ಹೆಣ್ಣು ಗಂಡೆಂದು ಹೆಸರಿಡುತ್ತಾರೆ, ನಡುವಿನ ಆತ್ಮಕ್ಕೆ ಆ ಭೇದವಿಲ್ಲ ಎಂಬುದು ವಚನದ ಭಾವ. ಶೀರ್ಷಿಕೆಯು ಆತ್ಮದ ಜಾಗದಲ್ಲಿ ‘ಹೆಣ್ಣ’ನ್ನು ಕೂರಿಸಿದೆ. ಇದು ಸಣ್ಣ ಬದಲಾವಣೆಯಲ್ಲ. ದಾಸಿಮಯ್ಯನ ದೃಷ್ಟಿಯಲ್ಲಿ ‘ಗಂಡು ದೇಹದಲ್ಲಿ ಸಿಕ್ಕಿಬಿದ್ದ ಹೆಣ್ಣಾತ್ಮ’ ಎಂಬುದೇ ಸಾಧ್ಯವಿಲ್ಲ. 1312ರ ವಿಯೆನ್ ಮಹಾಸಭೆಯು ಆತ್ಮವನ್ನು ದೇಹದ ರೂಪತತ್ವವೆಂದು ಕರೆದ ಮೇಲೆ ನಮಗೂ ಅದು ಸಾಧ್ಯವಿಲ್ಲ, ಆದರೆ ಬೇರೆ ಕಾರಣಕ್ಕೆ: ನಮಗೆ ದೇಹವು ಆತ್ಮದ ಮೇಲೆ ಹಾಕಿದ ಬಟ್ಟೆಯಲ್ಲ. ತಪ್ಪು ದೇಹ ಎಂಬ ಮಾತನ್ನು ನಾವು ಒಪ್ಪಲಾರೆವು. ಅದೇ ಕಾರಣಕ್ಕೆ, ಈ ಸಂಕಟ ‘ಬರೀ ಮನಸ್ಸಿನದು’ ಎಂದು ತಳ್ಳಿಹಾಕುವ ಮಾತನ್ನೂ ಒಪ್ಪಲಾರೆವು. ದೇಹಾತ್ಮಗಳು ಒಂದೇ ಆದಲ್ಲಿ ನೋಯುವುದು ಇಡೀ ಮನುಷ್ಯ.

ಒಂದು ಕೊರತೆ ನಮ್ಮನ್ನು ಕಾಡಿತು. ಅದು ಆತ್ಮಕಥನವೆಂಬ ಪ್ರಕಾರದ ಕೊರತೆಯೇ ಇರಬಹುದು. ಹುಲಿಗಿಯಲ್ಲಿ ಅತ್ತ ತಾಯಿ ಇಲ್ಲಿ ಮಗಳ ಕಣ್ಣಿನಿಂದ ಮಾತ್ರ ಕಾಣುತ್ತಾಳೆ. ಅವಳು ಯಾರನ್ನು ಹೋಗಿ ಕೇಳಿದಳು, ಅವರು ಏನೆಂದರು, ಆ ರಾತ್ರಿ ಮನೆಗೆ ಮರಳಿ ಅವಳೇನು ಮಾಡಿದಳು ಎಂಬುದರ ಕಥನ ಕನ್ನಡದಲ್ಲಿ ಇನ್ನೂ ಬರೆಯಬೇಕಾಗಿದೆ. ಮಂಗಳೂರಿನಲ್ಲಿ ಪೂಜೆ ಮುಗಿದ ಮೇಲೆ ಗುರುನಿವಾಸದ ಜಗಲಿಯಲ್ಲಿ, ಉಳಿದವರೆಲ್ಲ ಹೋಗಲೆಂದು ಕಾದು ನಿಲ್ಲುವವಳು ಆ ತಾಯಿಯೇ.